ಎದಿ ಉರಿಗೆ ಔಷಧ ಆಮ್ಯಾಲೆ, ಮೊದಲ ಊಟ ಮಾಡ್ರಿ

ನಮ್ಮ ಕಡೆ ನಾಲ್ಕು ಮಂದಿ ಹೆಣ್ಮಕ್ಕಳು ಒಂದ ಕಡೆ ಕೂತ್ರ ಚಹಾ ಮುಗಿಯೋದ್ರೊಳಗ ಪಿತ್ತದ ಮಾತು ಬಂದ ಬರ್ತದ. "ನಂಗ ಮುಂಜಾನೆ ಎದ್ದಕೂಡ್ಲೆ ಬಾಯಾಗ ಹುಳಿ ನೀರು ಬರ್ತದವಾ" ಅಂತ ಒಬ್ಬಾಕಿ. "ನಂಗ ರಾತ್ರಿ ಅಡ್ಡಾದ್ರ ಸಾಕು, ಎದ್ಯಾಗ ಬೆಂಕಿ ಇಟ್ಟಂಗ ಆಗ್ತದ" ಅಂತ ಇನ್ನೊಬ್ಬಾಕಿ. "ನಂದು ಹೊಟ್ಟಿ ಡೊಳ್ಳಿನಂಗ ಉಬ್ಬತದ ನೋಡ್ರಿ" ಅಂತ ಮತ್ತೊಬ್ಬಾಕಿ. ಆಮ್ಯಾಲೆ ಎಲ್ಲಾರೂ ಒಂದೊಂದು ಔಷಧ ಹೇಳ್ತಾರ. ಜೀರಗಿ ನೀರು, ಅಜವಾನ-ಉಪ್ಪು, ನೆನಸಿದ ಕೊತ್ತಂಬರಿ ಕಾಳಿನ ನೀರು, ಆಮಸೋಲಿನ ಸಾರು, ಮಜ್ಜಿಗ್ಯಾಗ ಇಂಗು. ಅಷ್ಟೊತ್ತಿಗೆ ಎರಡನೇ ಕಪ್ಪು ಚಹಾ ಬಂದಿರ್ತದ. ಅದನ್ನ ಖಾಲಿ ಹೊಟ್ಟಿ ಮ್ಯಾಲೆ ಕುಡದು ಎದ್ದು ನಮ್ಮ ನಮ್ಮ ಮನಿಗೆ ಹೋಗ್ತೀವಿ.

ನಾನೂ ಈ ಔಷಧ ಹೇಳೋರ ಪೈಕಿನ. ನಮ್ಮವ್ವನಿಂದ ಬಂದ ಒಂದು ಸ್ಟೀಲ್ ಡಬ್ಬಿ ನಮ್ಮ ಅಡಗಿ ಮನ್ಯಾಗ ಇನ್ನೂ ಅದ. ಅದರೊಳಗ ಜೀರಗಿ, ಅಜವಾನ, ಬಡೇಸೋಪು, ಒಣ ಶುಂಠಿ, ಸೈಂಧಲವಣ, ಇಂಗು, ಕಲ್ಲುಸಕ್ಕರಿ ಎಲ್ಲಾ ಸಣ್ಣ ಸಣ್ಣ ಪುಡಿಕ್ಯಾಗ ಇರ್ತಾವ. ಓಣಿಯೊಳಗ ಯಾರಿಗೆ ಹೊಟ್ಟಿ ಕೆಟ್ರೂ ನಮ್ಮ ಮನಿಗೆ ಒಂದು ಸಣ್ಣ ಹುಡುಗ ಬರ್ತಾನ. ನಂಗೂ ಅದರ ಬಗ್ಗೆ ತುಸು ಜಂಬ ಇತ್ತು. ಈಗ ಆ ಜಂಬ ಇಳದದ. ಡಬ್ಬಿ ಮಾತ್ರ ಇಟ್ಕೊಂಡೇ ಇದ್ದೀನಿ. ಯಾಕ ಇಳೀತು, ಯಾಕ ಇಟ್ಕೊಂಡೆ ಅನ್ನೋದನ್ನ ಇವತ್ತು ಹೇಳಬೇಕಂತ ಕೂತೀನಿ.

ಮೊದಲ ಡಬ್ಬಿಯ ಪರವಾಗಿ ಮಾತಾಡ್ತೀನಿ. ಊಟ ಆದ ಮ್ಯಾಲೆ ಹೊಟ್ಟಿ ಭಾರ ಆದ್ರ ಅರ್ಧ ಚಮಚ ಅಜವಾನ, ಚಿಟಿಕಿ ಸೈಂಧಲವಣ ಬಾಯಾಗ ಹಾಕ್ಕೊಂಡು ಅಗದು ಬಿಸಿನೀರು ಕುಡೀರಿ, ಗಾಳಿ ಸರೀತದ. ಇದು ನಮ್ಮ ಅಜ್ಜಿ ಕಾಲದಿಂದ ಎಲ್ಲಾರೂ ಕಂಡದ್ದು. ಜೀರಗಿ ಹುರದು ನೀರಾಗ ಕುದಸಿ ಸೋಸಿ ಕುಡದ್ರ ಬಾಯಿರುಚಿ ಬರ್ತದ, ತೇಗು ಹಗುರ ಆಗ್ತದ. ಊಟ ಆದ ಮ್ಯಾಲೆ ಬಡೇಸೋಪು ಅಗಿಯೋದು ಬರೇ ಬಾಯಿ ಘಮಘಮ ಅನ್ನಲಿ ಅಂತ ಅಲ್ಲ. ಅಗದ್ರ ಬಾಯಾಗ ಜೊಲ್ಲು ಬರ್ತದ, ಆ ಜೊಲ್ಲು ನುಂಗಿದ್ರ ಮ್ಯಾಲೆ ಬಂದ ಹುಳಿ ತೊಳಕೊಂಡು ಕೆಳಗ ಹೋಗ್ತದ. ಹಿಂಗ ಒಂದೊಂದಕ್ಕೂ ಒಂದೊಂದು ಕಾರಣ ಅದ. ಸಣ್ಣ ತ್ರಾಸಿಗೆ ಸಣ್ಣ ಔಷಧ. ಒಂದು ಹೊತ್ತು ಮದುವಿ ಊಟ ಹೆಚ್ಚಾಯ್ತು ಅಂತ ದವಾಖಾನಿಗೆ ಓಡೋದು ಯಾಕ ಬೇಕು?

ಆದ್ರ ನಾವು ಒಂದು ತಪ್ಪು ಮಾಡ್ತೀವಿ. ಹೊಟ್ಟಿ ತ್ರಾಸು ಅಂದಕೂಡ್ಲೆ ಎಲ್ಲಾನೂ "ಪಿತ್ತ" ಅಂತ ಒಂದ ಗಂಟಿಗೆ ಕಟ್ತೀವಿ. ಹೊಟ್ಟಿ ಉಬ್ಬೋದು ಬ್ಯಾರೆ, ಎದಿ ಉರಿಯೋದು ಬ್ಯಾರೆ. ಇದು ನಾನು ಹೇಳೋ ಮಾತಲ್ಲ, ಆಯುರ್ವೇದನೇ ಇದನ್ನ ಬ್ಯಾರೆ ಬ್ಯಾರೆ ಮಾಡಿ ಇಟ್ಟದ. ಹುಳಿ ತೇಗು, ಎದಿ-ಗಂಟಲು ಉರಿ, ವಾಕರಿಕಿ ಇರೋದಕ್ಕ ಅಮ್ಲಪಿತ್ತ ಅಂತ ಹೆಸರು. ಮಾಧವ ನಿದಾನದೊಳಗ ಅದಕ್ಕ ಒಂದು ಅಧ್ಯಾಯನೇ ಅದ, ಮ್ಯಾಲೆ ಬರೋ ಅಮ್ಲಪಿತ್ತ, ಕೆಳಗ ಹೋಗೋ ಅಮ್ಲಪಿತ್ತ ಅಂತ ಎರಡು ಥರಾ ಮಾಡ್ಯಾರ. ಉಬ್ಬರ, ಗುಡುಗುಡು, ಗಾಳಿ ಹಿಡಕೊಳ್ಳೋದು ವಾತದ ಕಡೆ ಬರ್ತದ.

ಈಗ ನೋಡ್ರಿ, ಹಿಂಗ್ವಾಷ್ಟಕ ಚೂರ್ಣ ಅಂತ ಎಲ್ಲಾರ ಮನ್ಯಾಗೂ ಇರ್ತದ. ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧಲವಣ, ಎರಡು ಥರದ ಜೀರಗಿ, ಇಂಗು, ಹಿಂಗ ಎಂಟು ಸಾಮಾನು. ಊಟದ ಮೊದಲನೇ ತುತ್ತಿಗೆ ತುಪ್ಪದ ಜೋಡಿ ಕಲಸಿ ತಿನ್ನೋದು ಪದ್ಧತಿ. ಉಬ್ಬರಕ್ಕ ಭೇಷ್ ಔಷಧ. ಆದ್ರ ಈ ಸಾಮಾನೆಲ್ಲಾ ಬಿಸಿ. ಎದಿ ಉರಿಯೋರಿಗೆ ಇದನ್ನ ಕೊಟ್ರ ಉರಿಯೋ ಒಲಿಗೆ ಕಟಗಿ ಒಟ್ಟಿದಂಗ ಆಗ್ತದ. ಉರಿ ಇರೋರಿಗೆ ತಂಪು ಬೇಕು. ಒಂದು ಚಮಚ ಕೊತ್ತಂಬರಿ ಕಾಳು ತುಸು ಜಜ್ಜಿ ರಾತ್ರಿ ಒಂದು ಲೋಟ ನೀರಾಗ ನೆನಸಿಟ್ಟು, ಮುಂಜಾನೆ ಸೋಸಿ, ಚೂರು ಕಲ್ಲುಸಕ್ಕರಿ ಹಾಕಿ ಕುಡಿಯೋದು. ಇದನ್ನ ಕುದಸಬಾರದು. ಕುದಸಿದ್ರ ಕಷಾಯ, ನೆನಸಿದ್ರ ಹಿಮ. ನಮ್ಮವ್ವ ಈ ಎರಡು ಶಬ್ದ ಬಳಸ್ತಿದ್ದಿಲ್ಲ, ಆದ್ರ "ಅದನ್ನ ಒಲಿ ಮ್ಯಾಲೆ ಇಡಬ್ಯಾಡ" ಅಂತ ಮಾತ್ರ ತಪ್ಪದ ಹೇಳ್ತಿದ್ಲು.

ಮಜ್ಜಿಗಿದೂ ಹಂಗ. ನಮ್ಮ ಮಂದಿಗೆ ಮಜ್ಜಿಗಿ ಅಂದ್ರ ಸರ್ವರೋಗಕ್ಕೂ ಔಷಧ. ಹೌದು, ಊಟದ ಕೊನಿಗೆ ಜೀರಗಿ ಪುಡಿ ಹಾಕಿದ ತಿಳಿ ಮಜ್ಜಿಗಿ ಅರಗಸ್ಲಿಕ್ಕೆ ಛಲೋ. ಆದ್ರ ಮೈ ಉರಿ, ತಲಿ ತಿರುಗೋದು, ರಕ್ತಪಿತ್ತ ಇದ್ದವರಿಗೆ ಮಜ್ಜಿಗಿ ಕೊಡಬಾರದು, ಬಿರು ಬ್ಯಾಸಗ್ಯಾಗ ಕೊಡಬಾರದು ಅಂತ ಹಳೇ ವೈದ್ಯಶಾಸ್ತ್ರದೊಳಗನ ಬರದಾರ. ಎರಡು ದಿವಸದ ಹುಳಿ ಮಜ್ಜಿಗ್ಯಾಗ ಹಸಿ ಮೆಣಸಿನಕಾಯಿ, ಶುಂಠಿ ಅರದು ಒಗ್ಗರಣಿ ಕೊಟ್ಟು "ಪಿತ್ತಕ್ಕ ಛಲೋ" ಅಂತ ಕುಡದ್ರ ಪಿತ್ತ ಏನು ಮಾಡೀತು, ಪಾಪ! ಪುದೀನಾನೂ ಹಂಗ. ತಂಪು ಅನಸ್ತದ ಖರೆ, ಆದ್ರ ಅನ್ನನಾಳದ ಕೆಳಗಿನ ಬಾಯಿ ಅದರಿಂದ ಸಡ್ಲ ಆಗಿ ಕೆಲವರಿಗೆ ಹುಳಿ ಇನ್ನಷ್ಟು ಮ್ಯಾಲೆ ಬರ್ತದ.

ಇಷ್ಟೆಲ್ಲಾ ಗೊತ್ತಿದ್ದೂ ನಾ ಎಡವಿದ್ದು ನಮ್ಮ ವೈನಿ ವಿಷಯದಾಗ.

ನಮ್ಮ ದೊಡ್ಡಣ್ಣನ ಹೆಂಡ್ತಿ, ನಂಗ ತಾಯಿ ಇದ್ದಂಗ. ನಮ್ಮವ್ವ ಹೋದ ಮ್ಯಾಲೆ ನನ್ನ ತವರುಮನಿ ಅಂದ್ರ ಅವರ. ಎರಡು ವರ್ಷದ ಹಿಂದ ದೀಪಾವಳಿಗೆ ಹೋದಾಗ ವೈನಿ ಅಂದ್ರು, "ಏನ ಮಾಡ್ಲೆವಾ, ಇತ್ತಿತ್ಲಾಗ ಹೊಟ್ಟಿ ಮ್ಯಾಲ್ಮಟ್ಟ ಉರೀತದ, ನಡುರಾತ್ರಿ ಎಚ್ಚರ ಆಗ್ತದ." ನಾ ತಡಾ ಮಾಡ್ಲೇ ಇಲ್ಲ. ಅಂಗಡ್ಯಾಗಿಂದ ಅವಿಪತ್ತಿಕರ ಚೂರ್ಣ ತರಸಿ ಕೊಟ್ಟೆ. ಕೊತ್ತಂಬರಿ ನೀರು ಹ್ಯಾಂಗ ಮಾಡಬೇಕು ಹೇಳಿದೆ. ಹದಿನೈದು ದಿವಸಕ್ಕ ಫೋನ್ ಬಂತು, "ನಿನ್ನ ಕೈಗುಣ ಭಾಳ ಛಲೋ ಅದ ನೋಡು, ಈಗ ಅರ್ಧಕ್ಕರ್ಧ ಆರಾಮ." ಕೇಳಿ ನಾ ಉಬ್ಬಿದೆ. ಮೂರು ಮಂದಿ ಮುಂದ ಹೇಳ್ಕೊಂಡೂ ಬಂದೆ.

ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡ್ಲಿಕ್ಕೆ ಹೋದಾಗ ವೈನಿ ಮಾರಿ ಬಿಳಚಿಕೊಂಡಿತ್ತು. ಅಟ್ಟದ ಮೆಟ್ಟಲ ಹತ್ತಿ ಬಂದು ಏದುಸಿರು ಬಿಡಕೋತ ಕೂತ್ರು. "ವಯಸ್ಸಾತು, ಇನ್ನೇನು" ಅಂದ್ರು. ನಾನೂ ಹೌದು ಅಂದೆ. ಹೋಳಿ ಹುಣ್ಣಿಮಿ ಹಿಂದಿನ ದಿವಸ ಬಚ್ಚಲದಾಗ ಬವಳಿ ಬಂದು ಬಿದ್ರು. ಹುಬ್ಬಳ್ಳಿಗೆ ಕರಕೊಂಡು ಹೋದ್ವಿ. ಹೆಣ್ಮಕ್ಕಳಿಗೆ ಹಿಮೋಗ್ಲೋಬಿನ್ 12 ಇರಬೇಕು, ವೈನಿದು 6.4 ಇತ್ತು. ಎರಡು ಬಾಟ್ಲಿ ರಕ್ತ ಏರಿಸಿದ್ರು. ಬಾಯೊಳಗಿಂದ ನಳಿಗಿ ಇಳಿಸಿ ನೋಡಿದಾಗ ಜಠರದಾಗ ಹುಣ್ಣು ಆಗಿ ಅದರೊಳಗಿಂದ ಸ್ವಲ್ಪ ಸ್ವಲ್ಪನ ರಕ್ತ ಹೋಗ್ತಿತ್ತು ಅಂತ ಗೊತ್ತಾತು.

ಡಾಕ್ಟರು ಮೊದಲ ಕೇಳಿದ್ದು ಒಂದ ಪ್ರಶ್ನೆ, "ನೋವಿನ ಗುಳಿಗಿ ತೊಗೋತಾರೇನು?" ಅಣ್ಣ ಇಲ್ಲ ಅಂದ. ವೈನಿ ಸುಮ್ಮನಿದ್ರು. ಆಮ್ಯಾಲೆ ಸಣ್ಣ ದನಿಲೆ ಅಂದ್ರು, "ಮೊಣಕಾಲಿಗೆ ಒಂದು ಗುಳಿಗಿ ತೊಗೋತೀನ್ರಿ, ಮೆಡಿಕಲ್ ಅಂಗಡಿಯವ್ನ ಕೊಟ್ಟದ್ದು. ದಿನಾ ಒಂದು, ಪೂಜಾ-ಗೀಜಾ ಇದ್ದ ದಿವಸ ಎರಡು." ಯಾವಾಗ ತೊಗೋತಿದ್ರು? ಮುಂಜಾನೆ ಐದಕ್ಕ ಎದ್ದು, ಖಾಲಿ ಹೊಟ್ಟಿಲೆ, ಚಹಾದ ಜೋಡಿ. ಎರಡು ತಿಂಗಳಿಂದ ಮಲ ಡಾಂಬರಿನಂಗ ಕರ್ರಗ ಆಗ್ತಿತ್ತಂತ. "ಚೂರ್ಣದ ಬಣ್ಣ ಇರಬೇಕು ಅನ್ಕೊಂಡೆ" ಅಂದ್ರು. "ನಮಗ ಒಂದು ಮಾತು ಹೇಳಬಾರದಾಗಿತ್ತೇನ್ರಿ ವೈನಿ?" ಅಂದೆ. "ಇದೂ ಒಂದು ಹೇಳೋ ಮಾತೇನು? ಯಾರ ಮುಂದ ಹೇಳ್ಲಿ?" ಅಂದ್ರು.

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇದ್ದಿಲ್ಲ. ಔಷಧ ಕೊಟ್ಟಾಕಿ ನಾ. ಕೇಳಬೇಕಾದಾಕಿನೂ ನಾನ. ಮತ್ತ ಬ್ಯಾರೆ ಏನು ಗುಳಿಗಿ ನಡದಾವ, ಯಾವಾಗ ಉಣ್ತೀರಿ, ತೂಕ ಇಳದದೇನು, ಹೊರಕಡೆ ಹೆಂಗ ಹೋಗ್ತೀರಿ ಅಂತ ಒಂದು ಮಾತೂ ಕೇಳಿದ್ದಿಲ್ಲ. ಉರಿ ಅಂದ್ರು, ಡಬ್ಬಿ ತಗದು ಕೊಟ್ಟೆ.

ಆ ಚೂರ್ಣ ಏನು ಕೆಡಸ್ತು? ಹುಣ್ಣು ಮಾಡಿದ್ದು ಅದಲ್ಲ. ನೋವಿನ ಗುಳಿಗಿ ಜಠರದ ಒಳಗಿನ ಲೋಳಿ ಪದರಾನ್ನ ತೆಳ್ಳಗ ಮಾಡ್ತದ. ಆ ಪದರ ಇರೋದರಿಂದನ ನಮ್ಮ ಹೊಟ್ಟಿ ಹುಳಿ ನಮ್ಮ ಹೊಟ್ಟಿನ್ನ ಸುಡೋದಿಲ್ಲ. ಪದರ ಹೋದ್ರ ಹುಣ್ಣು ಆಗ್ತದ. ಅದರ ಮ್ಯಾಲೆ ವೈನಿಗೆ ಹೆಲಿಕೋಬ್ಯಾಕ್ಟರ್ ಅನ್ನೋ ಕ್ರಿಮಿನೂ ಹೊಟ್ಟ್ಯಾಗ ಇತ್ತು. ಮೊದಲೆಲ್ಲಾ ಹೊಟ್ಟಿ ಹುಣ್ಣು ಅಂದ್ರ ಚಿಂತಿಯಿಂದ, ಖಾರದಿಂದ ಅಂತ ಡಾಕ್ಟರೂ ಹೇಳ್ತಿದ್ರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತ ರಾಬಿನ್ ವಾರೆನ್ ಅನ್ನೋ ಇಬ್ಬರು ಡಾಕ್ಟರು, ಭಾಳ ಮಂದಿಗೆ ಇದು ಕ್ರಿಮಿಯಿಂದ ಆಗ್ತದ ಅಂತ ತೋರಿಸಿದ್ರು. ಯಾರೂ ನಂಬವಲ್ರು ಅಂತ 1984ರಾಗ ಮಾರ್ಷಲ್ ಆ ಕ್ರಿಮಿ ಬೆಳಸಿದ ನೀರನ್ನ ತಾನ ಕುಡದು ಹೊಟ್ಟಿ ಕೆಡಿಸಿಕೊಂಡ. 2005ರಾಗ ಇಬ್ಬರಿಗೂ ನೊಬೆಲ್ ಬಂತು. ಈ ಕ್ರಿಮಿ ಜೀರಗಿ ನೀರಿಗೆ ಹೆದರೋದಿಲ್ಲ. ವೈನಿಗೆ ಹದಿನಾಲ್ಕು ದಿವಸದ ಗುಳಿಗಿ ಕೊಟ್ಟು ಅದನ್ನ ತಗದ್ರು.

ಚೂರ್ಣ ಮಾಡಿದ್ದು ಇಷ್ಟ. ಉರಿಯನ್ನ ಅರ್ಧಕ್ಕರ್ಧ ಕಡಿಮಿ ಮಾಡಿ, ವೈನಿ ದವಾಖಾನಿಗೆ ಹೋಗೋದನ್ನ ನಾಲ್ಕು ತಿಂಗಳು ಮುಂದ ಹಾಕ್ತು. ಗಂಟಿ ಬಾರಸ್ತಿತ್ತು, ನಾವು ಗಂಟಿಗೆ ಅರಿವಿ ಸುತ್ತಿದ್ವಿ. ಮನಿ ಔಷಧದ ದೊಡ್ಡ ಅಪಾಯ ಅದು ಕೆಲಸ ಮಾಡದ ಇದ್ದಾಗ ಬರೋದಿಲ್ಲ. ಅರ್ಧ ಕೆಲಸ ಮಾಡಿದಾಗ ಬರ್ತದ.

ವೈನಿ ಚೇತರಿಸಿಕೊಂಡ ಮ್ಯಾಲೆ ನಾ ಒಬ್ಬರು ಆಯುರ್ವೇದದ ಡಾಕ್ಟರ ಹತ್ರ ಹೋದೆ. ನನಗೂ ಉರಿ ಇತ್ತು, ಮನಸ್ಸಿಗೂ ಚುಚ್ಚತಿತ್ತು. ನನ್ನ ಚೂರ್ಣ ಸರಿನೋ ತಪ್ಪೋ ಅಂತ ಕೇಳಬೇಕಿತ್ತು. ಅವರು ನಾಡಿ ಹಿಡಿಯೋದಕ್ಕಿಂತ ಮೊದಲ ಕೇಳಿದ್ರು, "ಮಧ್ಯಾಹ್ನ ಎಷ್ಟಕ್ಕ ಉಣ್ತೀರಿ?" ನಾ ಅಂದೆ, "ಎಲ್ಲಾರದೂ ಆದ ಮ್ಯಾಲೆ." "ಅದು ಎಷ್ಟು ಗಂಟೆಕ್ಕಮ್ಮಾ?" ಅಂದ್ರು. ಲೆಕ್ಕಾ ಹಾಕಿದೆ. ಎರಡೂವರಿ, ಮೂರು. ಮುಂಜಾನೆ ಆರಕ್ಕ ಚಹಾ, ಎಂಟಕ್ಕ ಚಹಾ, ಹನ್ನೊಂದಕ್ಕ ಯಾರರ ಬಂದ್ರ ಇನ್ನೊಂದು. ನಾಷ್ಟಾ ಅಂದ್ರ ಎಲ್ಲಾರ ತಾಟಿನಾಗ ಉಳಿದ ಅವಲಕ್ಕಿ. ಅವರು ನಕ್ಕು, "ನಿದಾನ ಪರಿವರ್ಜನ ಅಂತೀವಿ ನಾವು. ಕಾರಣ ಬಿಡೋದ ಮೊದಲನೇ ಚಿಕಿತ್ಸಾ. ನೀವು ಕಾರಣ ಹಂಗ ಇಟ್ಕೊಂಡು ಚೂರ್ಣ ಬದಲಿ ಮಾಡ್ಲಿಕತ್ತೀರಿ" ಅಂದ್ರು.

ನನ್ನ ಅಭಿಪ್ರಾಯ ಏನಂತ ಕೇಳಿದ್ರ ಇಲ್ಲೆ ಅದ ನೋಡ್ರಿ. ನಮ್ಮ ಹೆಣ್ಮಕ್ಕಳ ಪಿತ್ತದ ಅರ್ಧ ಕಾರಣ ನಮ್ಮ ಊಟದ ಸರದಿ. ಗಂಡಸ್ರು, ಮಕ್ಕಳು, ಅತ್ತಿ-ಮಾವ, ಬಂದವರು, ಕೆಲಸದಾಕಿ, ಎಲ್ಲಾರದೂ ಆಗಿ ಕಟ್ಟಿ ಒರಸಿ ಆಮ್ಯಾಲೆ ನಾವು. ಹಬ್ಬದ ದಿವಸ ನೈವೇದ್ಯ ಆಗೂತನಕ ನೀರೂ ಇಲ್ಲ. ಶ್ರಾದ್ಧದ ದಿವಸ ನಾಲ್ಕು ಹೊಡೀತದ. ಆಮ್ಯಾಲೆ ಅಷ್ಟೊತ್ತಿನ ಹಸಿವಿಗೆ ತಣ್ಣಗಾದ ಹೋಳಿಗಿ, ಕರದ ಭಜಿ, ಕಟ್ಟಿನ ಸಾರು ಒಮ್ಮೆಲೆ ತಿಂತೀವಿ, ತಿಂದು ಅಲ್ಲೇ ಅಡ್ಡಾಗ್ತೀವಿ. ಏಕಾದಶಿಗೆ ನಿರಾಹಾರ, ದ್ವಾದಶಿಗೆ ಬೆಳಕು ಹರಿಯೋದ್ರೊಳಗ ಪಾರಣಿ. ಸೋಮವಾರ, ಶನಿವಾರ ಒಪ್ಪತ್ತು ಅಂತ ಸಾಬೂದಾಣಿ ಖಿಚಡಿ, ಅದರಾಗ ಶೇಂಗಾ, ಹಸಿ ಮೆಣಸಿನಕಾಯಿ, ಆಮ್ಯಾಲೆ ಮೂರು ಕಪ್ಪು ಚಹಾ. ಇದರ ಮ್ಯಾಲೆ ಒಂದು ಚಮಚ ಚೂರ್ಣ ಹಾಕಿ ಆರಾಮ ಆಗಂದ್ರ ಹ್ಯಾಂಗ ಆಗಬೇಕು?

ವ್ರತ ಬಿಡ್ರಿ ಅಂತ ನಾ ಹೇಳೋದಿಲ್ಲ. ನಾನೂ ಮಾಡ್ತೀನಿ. ಆದ್ರ ಜಡ್ಡಾದವರಿಗೆ, ಬಸುರಿ-ಬಾಣಂತಿಗೆ, ವಯಸ್ಸಾದವರಿಗೆ ರಿಯಾಯ್ತಿ ಅದ ಅಂತ ನಮ್ಮ ಹಿರಿಯರ ಹೇಳ್ತಿದ್ರು. ಹೊಟ್ಟಿ ಹುಣ್ಣು ಇದ್ದಾಕಿ ಉಪವಾಸ ಮಾಡಿದ್ರ ದೇವರಿಗೆ ಏನು ಸಂತೋಷ ಅದ? ಹಾಲು, ಹಣ್ಣು ತಿಂದು ಮಾಡ್ರಿ. ಇಲ್ಲಾ ಮನಿಯೊಳಗ ಆರಾಮ ಇದ್ದವರು ಯಾರರ ಮಾಡ್ಲಿ. ಗಂಡಸ್ರೂ ಮಾಡಬಹುದು, ಅವರಿಗ್ಯಾರೂ ಬ್ಯಾಡ ಅಂದಿಲ್ಲ.

ಇನ್ನೊಂದು ಮಾತು ಹೇಳ್ತಾರ, "ಆಯುರ್ವೇದಕ್ಕ ಸೈಡ್ ಇಫೆಕ್ಟ್ ಇಲ್ಲ." ಇದನ್ನ ನಾನೂ ಹೇಳ್ತಿದ್ದೆ. ಈಗ ಡಬ್ಬಿಯ ಹಿಂದ ಬರದದ್ದನ್ನ ಕನ್ನಡಕ ಹಾಕ್ಕೊಂಡು ಓದ್ತೀನಿ. ಅವಿಪತ್ತಿಕರ ಚೂರ್ಣದಾಗ ಲವಂಗ, ತ್ರಿಕಟು, ತ್ರಿಫಲಾ, ಸಕ್ಕರಿ ಇದ್ದಂಗ ತ್ರಿವೃತ್ ಅನ್ನೋ ಬೇರೂ ಇರ್ತದ. ಅದು ಜುಲಾಬಿನ ಔಷಧ. ಮಲಬದ್ಧ ಇದ್ದವರಿಗೆ ಅದಕ್ಕ ಛಲೋ ಅನಸ್ತದ, ಮೊದಲ ಹೊಟ್ಟಿ ಸಡ್ಲ ಇದ್ದವರಿಗೆ ಜುಲಾಬು ಹತ್ತತದ. ಸಕ್ಕರಿಕಾಯಿಲೆ ಇದ್ದವರು ಅದರಾಗಿನ ಸಕ್ಕರಿ ಲೆಕ್ಕಾ ಹಿಡೀಬೇಕು. ಜೇಷ್ಠಮಧು ಹೊಟ್ಟಿಗೆ ತಂಪು ಅಂತ ದಿನಾ ಕುಡದ್ರ ಬಿ.ಪಿ. ಏರ್ತದ, ರಕ್ತದಾಗಿನ ಪೊಟ್ಯಾಶಿಯಂ ಇಳೀತದ. ಬಿ.ಪಿ. ಗುಳಿಗಿ ತೊಗೊಳ್ಳೋ ಅತ್ತಿಯವರಿಗೆ ಅದನ್ನ ಕುಡಿಸಬ್ಯಾಡ್ರಿ. ಅಡಗಿ ಸೋಡಾ ಲಿಂಬಿಹಣ್ಣಿನಾಗ ಹಾಕಿ ಬುಸ್ ಅಂತ ಕುಡಿಯೋದೂ ಅಷ್ಟ, ಅದು ಸೋಡಿಯಂ, ಅಂದ್ರ ಉಪ್ಪು ತಿಂದಂಗ. ಬಿ.ಪಿ., ಕಿಡ್ನಿ ತ್ರಾಸು ಇದ್ದವರಿಗೆ ಆಗೋದಿಲ್ಲ.

ಸೂತಶೇಖರ ರಸದಂಥಾ "ರಸ" ಅನ್ನೋ ಗುಳಿಗಿ ಅವಲ್ಲಾ, ಅವುಗಳೊಳಗ ಸೂತ ಅಂದ್ರನ ಪಾದರಸ. ಅದನ್ನ ಶುದ್ಧಿ ಮಾಡೋ ಕ್ರಮ ಶಾಸ್ತ್ರದಾಗ ಅದ, ಕೊಡೋ ಪ್ರಮಾಣ, ಕೊಡೋ ದಿವಸ ಕಲ್ತ ವೈದ್ಯರಿಗೆ ಗೊತ್ತದ. ನೆರಿಮನಿಯಾಕಿಗೆ ಆರಾಮ ಆತು ಅಂತ ನಾವು ಅಂಗಡ್ಯಾಗಿಂದ ತಂದು ಆರು ತಿಂಗಳು ನುಂಗೋದಕ್ಕ ಅವು ಮಾಡಿದ್ದಲ್ಲ. ಇದನ್ನ ಹೇಳಿದ್ರ ಆಯುರ್ವೇದಕ್ಕ ಅವಮಾನ ಆಗೋದಿಲ್ಲ. ಅದನ್ನ ಔಷಧ ಅಂತ ಮರ್ಯಾದಿ ಕೊಟ್ಟಂಗ ಆಗ್ತದ. ಕೆಲಸ ಮಾಡೋ ವಸ್ತು ತಪ್ಪು ಜಾಗಾದಾಗ ತಪ್ಪು ಕೆಲಸನೂ ಮಾಡ್ತದ.

ಹಂಗಂತ ಗ್ಯಾಸಿನ ಗುಳಿಗಿ ದಿನಾ ನುಂಗೋದೂ ಶಾಣ್ಯಾತನ ಅಲ್ಲ. ಭಾಳ ಮನ್ಯಾಗ ಮುಂಜಾನೆ ಎದ್ದು ಒಂದು ಗ್ಯಾಸಿನ ಗುಳಿಗಿ ನುಂಗಿ, ಅದರ ಧೈರ್ಯದ ಮ್ಯಾಲೆ ಮಿರ್ಚಿ-ಭಜಿ, ಗಿರ್ಮಿಟ್ಟು ತಿನ್ನೋರು ಇದ್ದಾರ. ಡಾಕ್ಟರು ನಾಲ್ಕು ವಾರಕ್ಕ ಬರಕೊಟ್ಟದ್ದನ್ನ ನಾಲ್ಕು ವರ್ಷ ನಡಸ್ತಾರ. ಚೂರ್ಣ ಆಗ್ಲಿ, ಗುಳಿಗಿ ಆಗ್ಲಿ, ನಮ್ಮ ಚಟ ಒಂದ: ಕಾರಣ ಕೇಳಬ್ಯಾಡ, ಬಾಯಿ ಮುಚ್ಚು.

ಈಗ ನಾ ಡಬ್ಬಿ ತಗಿಯೋದಕ್ಕಿಂತ ಮೊದಲ ಕೇಳೋ ಪ್ರಶ್ನೆ ಹೇಳ್ತೀನಿ. ನೀವೂ ಕೇಳ್ರಿ.

ಎಷ್ಟು ದಿವಸದಿಂದ ಅದ? ಎರಡು ವಾರದ ಮ್ಯಾಲೆ ಆಗಿದ್ರ, ಇಲ್ಲಾ ಹೋಗಿ ಹೋಗಿ ಬರ್ತಿದ್ರ, ನನ್ನ ಡಬ್ಬಿ ಮುಚ್ಚೇ ಇರ್ತದ, ಡಾಕ್ಟರ ಹತ್ರ ಹೋಗ್ರಿ ಅಂತೀನಿ. ನೋವಿನ ಗುಳಿಗಿ ನಡದದೇನು? ಮೊಣಕಾಲಿಗೆ, ತಲಿನೋವಿಗೆ, ತಿಂಗಳ ನೋವಿಗೆ, ಯಾವುದಕ್ಕರ ಆಗ್ಲಿ. ಮಲ ಕರ್ರಗ ಹೋಗ್ತದೇನು? ಕಬ್ಬಿಣದ ಗುಳಿಗಿ ತೊಗೊಂಡ್ರೂ ಕಪ್ಪಾಗ್ತದ ಖರೆ, ಆದ್ರ ಅದನ್ನ ಡಾಕ್ಟರು ಹೇಳ್ಲಿ, ನಾವು ಅನ್ಕೊಳ್ಳೋದು ಬ್ಯಾಡ. ನುಂಗಲಿಕ್ಕೆ ತ್ರಾಸು ಅದನೋ? ತೂಕ ತಾನ ಇಳೀಲಿಕತ್ತದನೋ? ವಾಂತ್ಯಾಗ ರಕ್ತ, ಕಾಫಿಪುಡಿಯಂಥಾ ಬಣ್ಣ ಕಂಡಿತೇನು? ಇವುಗಳೊಳಗ ಒಂದಕ್ಕ ಹೌದು ಅಂದ್ರೂ ಮನಿ ಔಷಧದ ಮಾತು ಅಲ್ಲಿಗೆ ಮುಗೀತು.

ಇನ್ನೊಂದು. ಎದಿಯೊಳಗ ಒತ್ತಿದಂಗ ಆಗಿ, ಬೆವರು ಬಂದು, ನೋವು ಎಡಗೈಗೆ, ದವಡಿಗೆ, ಬೆನ್ನಿಗೆ ಹೋದ್ರ ಅದನ್ನ ಗ್ಯಾಸ್ ಅಂತ ಅನ್ಕೊಂಡು ಅಜವಾನ ಅಗೀಬ್ಯಾಡ್ರಿ. ಹೆಣ್ಮಕ್ಕಳ ಹೃದಯದ ತ್ರಾಸು ಎಷ್ಟೋ ಸಲ ವಾಕರಿಕಿ, ಹೊಟ್ಟಿ ಸಂಕಟ, ನಿತ್ರಾಣದಂಗನ ಕಾಣಸ್ತದ. ಆವಾಗ ಗಾಡಿ ತಗಸ್ರಿ, ನಾಳೆ ನೋಡೋಣು ಅನ್ನಬ್ಯಾಡ್ರಿ.

ಇವೆಲ್ಲಾ ಇಲ್ಲ, ಬರೇ ಊಟದ ಹೆಚ್ಚುಕಡಿಮಿ ಅಂದ್ರ, ಬರ್ರಿ, ನಮ್ಮ ಡಬ್ಬಿ ನಿಮ್ಮದ. ಆದ್ರ ಡಬ್ಬಿ ಜೋಡಿ ಕೆಲವು ಮಾತೂ ಕೊಡ್ತೀನಿ. ಎದ್ದ ಮ್ಯಾಲೆ ಚಹಾಕ್ಕಿಂತ ಮೊದಲ ಏನರ ಹೊಟ್ಟಿಗೆ ಹಾಕ್ರಿ, ಒಂದು ಬಾಳಿಹಣ್ಣು ಆಗ್ಲಿ, ತುಸು ಅಳ್ಳಿಟ್ಟು ಆಗ್ಲಿ. ರಾತ್ರಿ ಊಟಕ್ಕೂ ಹಾಸಿಗಿಗೂ ಮೂರು ತಾಸು ಅಂತರ ಇರ್ಲಿ. ಧಾರಾವಾಹಿ ಮುಗಿದ ಮ್ಯಾಲೆ ಉಣ್ಣೋದಲ್ಲ, ಉಂಡು ಧಾರಾವಾಹಿ ನೋಡ್ರಿ. ರಾತ್ರಿ ಉರಿ ಬರೋರು ಮಂಚದ ತಲಿ ಕಡೆ ಎರಡು ಇಟ್ಟಂಗಿ ಇಟ್ಟು ಎತ್ತರ ಮಾಡ್ರಿ, ಬರೇ ದಿಂಬು ಏರಿಸಿದ್ರ ಕುತ್ತಿಗಿ ನೋಯ್ತದ ಅಷ್ಟ. ಎಡಮಗ್ಗಲಾಗಿ ಮಲಗ್ರಿ. ನಮ್ಮ ಹಿರಿಯರು ಊಟ ಆದ ಮ್ಯಾಲೆ ವಾಮಕುಕ್ಷಿ ಅಂತಿದ್ರಲ್ಲಾ, ವಾಮ ಅಂದ್ರ ಎಡ. ಹಂಗ ಮಲಗಿದ್ರ ಹೊಟ್ಟ್ಯಾಗಿನ ಹುಳಿ ಗಂಟಲಕಡೆ ಬರೋದು ಕಡಿಮಿ ಅಂತ ಈಗಿನ ಡಾಕ್ಟರೂ ಹೇಳ್ತಾರ. ಉರಿ ಹೆಚ್ಚಿದ್ದಾಗ ಎರಡು ದಿವಸ ಕೆಂಪು ಖಾರ, ರಂಜಕ, ಉಪ್ಪಿನಕಾಯಿ ಕಡೆ ಇಟ್ಟು ಮೆತ್ತನ ಅನ್ನ-ತುಪ್ಪ, ಹೆಸರಬ್ಯಾಳಿ ತೊವ್ವಿ, ಜ್ವಾಳದ ಗಂಜಿ ಉಣ್ರಿ. ನೆಲ್ಲಿಕಾಯಿ, ದಾಳಿಂಬ್ರಿ ಹುಳಿ ಇದ್ರೂ ಪಿತ್ತ ಇಳಸ್ತಾವ ಅಂತ ಆಯುರ್ವೇದ ಹೇಳ್ತದ. ಆದ್ರೂ ನಿಮ್ಮ ಹೊಟ್ಟಿ ಒಪ್ಪತದೋ ಇಲ್ಲೋ ತುಸುವ ತಿಂದು ನೋಡ್ರಿ.

ಇನ್ನ ಡಾಕ್ಟರ ಹತ್ರ ಹೋದಾಗ ಮನ್ಯಾಗ ತೊಗೊಳ್ಳೋ ಚೂರ್ಣ, ಕಷಾಯ, ಗುಳಿಗಿ ಎಲ್ಲಾ ಬಾಯಿಬಿಟ್ಟು ಹೇಳ್ರಿ. "ಬೈತಾರ" ಅಂತ ಮುಚ್ಚಿಡಬ್ಯಾಡ್ರಿ. ಬೈದ್ರ ಬೈಲಿ. ವೈನಿ ಮುಚ್ಚಿಟ್ಟದ್ದಕ್ಕ ಎರಡು ಬಾಟ್ಲಿ ರಕ್ತ ಬೇಕಾತು.

ವೈನಿ ಈಗ ಆರಾಮ ಇದ್ದಾರ. ಮೊಣಕಾಲಿಗೆ ಬ್ಯಾರೆ ಡಾಕ್ಟರ ಹತ್ರ ವ್ಯಾಯಾಮ ಕಲ್ತಾರ. ಮೊನ್ನೆ ನವರಾತ್ರಿಗೆ ಹೋಗಿದ್ದೆ. ನೈವೇದ್ಯ ತಡಾ ಆಗೋದಿತ್ತು. ಹನ್ನೊಂದಕ್ಕ ಅಣ್ಣ ತಾನ ಒಳಗ ಹೋಗಿ ಒಂದು ಲೋಟ ಹಾಲು, ಎರಡು ಬಾಳಿಹಣ್ಣು ತಂದು ವೈನಿ ಮುಂದ ಇಟ್ಟ. "ದೇವರದು ಇನ್ನೂ ಆಗಿಲ್ಲ" ಅಂದ್ರು ವೈನಿ. "ದೇವರಿಗೆ ನಾ ಹೇಳ್ತೀನಿ, ನೀ ತಿನ್ನು" ಅಂದ. ವೈನಿ ನನ್ನ ಮಾರಿ ನೋಡಿದ್ರು. ನಾನೂ ಒಂದು ಹಣ್ಣು ತೊಗೊಂಡು ಅವರ ಮಗ್ಗಲ್ದಾಗ ಕೂತೆ.

ನಮ್ಮ ಮನ್ಯಾಗೂ ಈಗ ಮಧ್ಯಾಹ್ನ ಒಂದಕ್ಕ ನನ್ನ ತಾಟೂ ಎಲ್ಲಾರ ತಾಟಿನ ಜೋಡಿ ಬೀಳ್ತದ. ಬಡಿಸೋರು ಯಾರು ಅಂತ ಮೊದಲ ನಾಲ್ಕು ದಿವಸ ಗದ್ದಲ ಆತು. ಪಾತೇಲಿ ನಡುವ ಇಟ್ಟೆ, ಎಲ್ಲಾರಿಗೂ ಕೈ ಅದಾವ. ಜೀರಗಿ ನೀರು ಕುಡಿಯೋದು ಬಿಟ್ಟಿಲ್ಲ. ಆದ್ರ ಈಗ ಅದು ತಿಂಗಳಿಗೆ ಎರಡು ಸಲ ಸಾಕಾಗ್ತದ.